ಹದಿನೇಳು ಕಲ್ಲು, ಹತ್ತು ಸರಪಳಿ

ನಾನು ಒಂದು ಸರಪಳಿ. ಬಾಗಿಲಿಗೆ ಹಾಕುವ ಸರಪಳಿಯಲ್ಲ, ದನ ಕಟ್ಟುವ ಸರಪಳಿಯೂ ಅಲ್ಲ. ಭೂಮಿ ಅಳೆಯುವ ಸರಪಳಿ. ನನ್ನ ಉದ್ದ ಮೂವತ್ಮೂರು ಅಡಿ. ಅದನ್ನು ಹದಿನಾರು ಭಾಗ ಮಾಡಿ ಒಂದೊಂದಕ್ಕೆ ಆಣೆ ಎಂದು ಹೆಸರಿಟ್ಟಿದ್ದರು. ನನ್ನನ್ನು ನಾಲ್ಕು ಕಡೆಗೆ ಎಳೆದು ಒಂದು ಚೌಕ ಮಾಡಿದರೆ ಅದು ಒಂದು ಗುಂಟೆ. ಅಂಥ ನಲವತ್ತು ಸೇರಿದರೆ ಒಂದು ಎಕರೆ. ನಿಮ್ಮ ಅಜ್ಜಂದಿರು ಯಾವ ಹೊಲಕ್ಕಾಗಿ ಕೋರ್ಟಿನ ಮೆಟ್ಟಿಲು ಸವೆಸಿದರೋ, ಆ ಹೊಲವನ್ನು ಅಳೆದದ್ದು ನನ್ನಂಥವರೇ.

ನಾನು ಹುಟ್ಟಿದ್ದು ಒಂದು ಸಣ್ಣ ಕಾರ್ಖಾನೆಯಲ್ಲಿ. ಮಿಸ್ತ್ರಿಯೊಬ್ಬ ದಪ್ಪ ತಂತಿಯನ್ನು ತುಂಡು ಮಾಡಿ, ತುದಿಗಳನ್ನು ಬಗ್ಗಿಸಿ, ಉಂಗುರಗಳಿಂದ ಒಂದಕ್ಕೊಂದು ಕೂಡಿಸಿದ. ಎರಡು ಕೊನೆಗೂ ಹಿತ್ತಾಳೆಯ ಹಿಡಿಕೆ ಹಾಕಿದ. ಆಮೇಲೆ ನನ್ನನ್ನು ನೆಲದಲ್ಲಿದ್ದ ಎರಡು ಗುರುತುಗಳ ನಡುವೆ ಎಳೆದು ನೋಡಿದರು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಮತ್ತೆ ರಾಶಿಗೆ ಎಸೆಯುತ್ತಿದ್ದರು. ನಾನು ಮೊದಲ ಸಲಕ್ಕೇ ಪಾಸಾದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾಕೆಂದರೆ ಹೆಮ್ಮೆಪಡುವಂಥದ್ದು ನನ್ನ ಬದುಕಿನಲ್ಲಿ ಆಮೇಲೆ ಹೆಚ್ಚೇನೂ ನಡೆಯಲಿಲ್ಲ.

ಭೀಮಾ ನದಿಯ ಕಡೆಯ ಒಂದು ತಾಲ್ಲೂಕು ಕಚೇರಿಗೆ ನನ್ನನ್ನು ಕಳಿಸಿದರು. ಅಲ್ಲಿ ನಾನು ಸೇರಿದ್ದು ಸರ್ವೆಯರ್ ಗುರುಶಾಂತಪ್ಪ ಕಲಕೇರಿಯವರ ಕೈಗೆ. ನಿಜ ಹೇಳಬೇಕೆಂದರೆ ಅವರು ನನ್ನನ್ನು ಮುಟ್ಟುತ್ತಿದ್ದದ್ದೇ ಕಡಿಮೆ. ನನ್ನನ್ನು ಹೊತ್ತದ್ದು, ಎಳೆದದ್ದು, ಕೆಸರು ತೊಳೆದದ್ದು ಎಲ್ಲ ಲಾಲಸಾಬ. ಚೈನು ಎಳೆಯುವ ಕೆಲಸಕ್ಕೇ ಅವನನ್ನು ನೇಮಿಸಿದ್ದರು. ಮುಳ್ಳಿರಲಿ, ಎರೆಮಣ್ಣಿರಲಿ, ಸಾಹೇಬರು "ಎಳಿ" ಎಂದರೆ ಲಾಲಸಾಬ ಎಳೆಯುತ್ತಿದ್ದ, ನಾನು ಚಾಚಿಕೊಳ್ಳುತ್ತಿದ್ದೆ. ಮನುಷ್ಯರನ್ನು ನಾನು ಹೆಚ್ಚಾಗಿ ಪಾದದಿಂದಲೇ ಗುರುತು ಹಿಡಿಯುವವನು. ಸಾಹೇಬರದ್ದು ಪಾಲಿಶ್ ಮಾಡಿದ ಬೂಟು. ಲಾಲಸಾಬನದ್ದು ಟಯರಿನ ಚಪ್ಪಲಿ. ಹೊಲದವರದ್ದು ಬರಿಗಾಲು, ಮತ್ತು ಅಳತೆಯ ದಿನ ಆ ಬರಿಗಾಲುಗಳು ನಿಂತಲ್ಲಿ ನಿಲ್ಲುತ್ತಿರಲಿಲ್ಲ.

ಗುರುಶಾಂತಪ್ಪನವರು ಪ್ರಾಮಾಣಿಕರು. ಯಾರ ಮನೆಯ ಚಹಾವನ್ನೂ ಅಳತೆ ಮುಗಿಯುವ ಮುಂಚೆ ಕುಡಿಯುತ್ತಿರಲಿಲ್ಲ. ಗೌಡನ ಹೊಲಕ್ಕೂ ಕೂಲಿಯವನ ಹೊಲಕ್ಕೂ ಅವರ ಲೆಕ್ಕ ಒಂದೇ. ಕಚೇರಿಯ ಅಂಗಳದಲ್ಲಿ ಮೂವತ್ಮೂರು ಅಡಿ ದೂರಕ್ಕೆ ಹೂಳಿದ ಎರಡು ಕಲ್ಲುಗಳಿದ್ದವು, ಅವುಗಳ ನೆತ್ತಿಯಲ್ಲಿ ಹಿತ್ತಾಳೆ ಮೊಳೆ. ಪ್ರತಿ ಸೋಮವಾರ ನನ್ನನ್ನು ಅಲ್ಲಿ ಎಳೆದು ನೋಡಿ, ಸರಿ ಇದ್ದರೆ ಪುಸ್ತಕದಲ್ಲಿ "ಪರೀಕ್ಷಿಸಿದೆ" ಎಂದು ಬರೆದು ಸಹಿ ಹಾಕಬೇಕು. ಹನ್ನೆರಡು ವರ್ಷ ಸಾಹೇಬರು ಒಂದು ಸೋಮವಾರವನ್ನೂ ತಪ್ಪಿಸಲಿಲ್ಲ.

ಆಮೇಲೆ ಕಚೇರಿಗೆ ಸೈಕಲ್ ಸ್ಟ್ಯಾಂಡ್ ಬಂತು. ಗುತ್ತಿಗೆದಾರ ಅಂಗಳಕ್ಕೆಲ್ಲ ಕಾಂಕ್ರೀಟು ಸುರಿದ. ಆ ಎರಡು ಕಲ್ಲುಗಳು ಏನೆಂದು ಅವನಿಗೆ ಯಾರೂ ಹೇಳಿರಲಿಲ್ಲ, ಅವನೂ ಕೇಳಲಿಲ್ಲ. ಹೊಸ ಕಲ್ಲು ಹೂಳಲು ಸಾಹೇಬರು ಮೇಲಿನವರಿಗೆ ಪತ್ರ ಬರೆದರು. ಉತ್ತರ ಬರಲಿಲ್ಲ. ಆದರೆ ಸೋಮವಾರ ಬರುವುದು ನಿಲ್ಲಲಿಲ್ಲ, ಪುಸ್ತಕದ ಖಾಲಿ ಗೆರೆಯೂ ತಪ್ಪಲಿಲ್ಲ. ಅವರು "ಪರೀಕ್ಷಿಸಿದೆ" ಎಂದು ಬರೆದು ಸಹಿ ಹಾಕಿದರು. ಮೊದಲ ಸಲ ಪೆನ್ನು ಸ್ವಲ್ಪ ತಡವರಿಸಿತು. ನಾಲ್ಕನೆಯ ಸೋಮವಾರದ ಹೊತ್ತಿಗೆ ಅದೂ ರೂಢಿಯಾಯಿತು. ಆಯುಧ ಪೂಜೆಯ ದಿನ ಮಾತ್ರ ನನಗೆ ವಿಭೂತಿ ಬಳಿದು ಹೂವಿಟ್ಟು ಕೈ ಮುಗಿಯುತ್ತಿದ್ದರು. ಪೂಜೆಯಿಂದ ಅಳತೆ ಸರಿಹೋಗುವುದಿಲ್ಲ ಎಂದು ಹೇಳಲು ನನಗೆ ಬಾಯಿ ಇರಲಿಲ್ಲ.

ನನ್ನ ಮೈಯಲ್ಲಿ ಸುಮಾರು ಐವತ್ತು ಉಂಗುರಗಳಿವೆ. ಅಂಗಳದ ಕಲ್ಲುಗಳು ಮುಚ್ಚಿಹೋದ ಮೇಲೆ ವರ್ಷಗಟ್ಟಲೆ ಎಳೆಸಿಕೊಂಡು ಒಂದೊಂದೂ ಸವೆದು, ಜೋಳದ ಕಾಳಿನಷ್ಟು ಸಡಿಲಾಗಿತ್ತು. ಒಂದು ಕಾಳು ಲೆಕ್ಕಕ್ಕಿಲ್ಲ. ಐವತ್ತು ಕಾಳು ಕೂಡಿದರೆ ಅರ್ಧ ಅಡಿ. ನಾನು ಅರ್ಧ ಅಡಿ ಉದ್ದವಾಗಿದ್ದೆ, ಮತ್ತು ಅದು ನನಗೊಬ್ಬನಿಗೇ ಗೊತ್ತಿತ್ತು.

ಇಂಥ ಸ್ಥಿತಿಯಲ್ಲಿ ನಾವು ಕರಿಗುಂಡಗಿಗೆ ಹೋದೆವು. ಅಲ್ಲಿ ಅಮಾತೆಪ್ಪ ಎಂಬ ರೈತನ ಹೊಲಕ್ಕೂ ಶಂಕ್ರಮ್ಮ ಎಂಬ ವಿಧವೆಯ ಹೊಲಕ್ಕೂ ನಡುವಿನ ಬದು ಮಳೆಗೆ ಕೊಚ್ಚಿಹೋಗಿತ್ತು. ಹದ್ದು ಗೊತ್ತುಮಾಡಿ ಕೊಡಿ ಎಂದು ಅಮಾತೆಪ್ಪ ಅರ್ಜಿ ಹಾಕಿದ್ದ. ಅವನ ಹೊಲದ ಪಡುವಣ ತುದಿಯಲ್ಲಿ ಗಡಿಯ ಹಳೆಯ ಬಾಂದು ಕಲ್ಲು ಗಟ್ಟಿಯಾಗಿತ್ತು. ಅಲ್ಲಿಂದ ಹನ್ನೆರಡು ಸರಪಳಿಗೆ ಅವನ ಹೊಲ ಮುಗಿದು ಶಂಕ್ರಮ್ಮನದು ಶುರುವಾಗುತ್ತದೆ ಎಂದು ನಕ್ಷೆ ಹೇಳುತ್ತಿತ್ತು. ಅವಳ ಹೊಲದ ಆಚೆ ತುದಿಗೆ ಹಳ್ಳ. ಹಳ್ಳದ ದಂಡೆಯಲ್ಲಿ ಕಲ್ಲು ನಿಲ್ಲುವುದಿಲ್ಲವಾದ್ದರಿಂದ ಆ ಕಡೆಯಿಂದ ಅಳೆಯಲು ಬರುವಂತಿರಲಿಲ್ಲ.

ಲಾಲಸಾಬ ಹನ್ನೆರಡು ಸಲ ಎಳೆದ. ಹನ್ನೆರಡು ಸಲವೂ ನಾನು ಅರ್ಧ ಅಡಿ ಹೆಚ್ಚು ನೆಲ ನುಂಗಿದೆ. ಹೊಸ ಬಾಂದು ಕಲ್ಲು ಶಂಕ್ರಮ್ಮನ ಹೊಲದೊಳಗೆ ಆರು ಅಡಿ ಬಂದು ನಿಂತಿತು.

ಆ ಆರು ಅಡಿಯ ಪಟ್ಟಿಯಲ್ಲಿ, ಬದುವಿನ ಉದ್ದಕ್ಕೆ, ಅವಳ ಗಂಡ ಭೀಮರಾಯನನ್ನು ಹೂಳಿದ್ದರು. ಮಣ್ಣಿನ ಒಂದು ಸಣ್ಣ ದಿಬ್ಬ, ಮೂಲೆಗೊಂದರಂತೆ ಮುಷ್ಟಿಗಾತ್ರದ ನಾಲ್ಕು ಕಲ್ಲು. ಕಟ್ಟೆ ಕಟ್ಟಿಸುವ ಶಕ್ತಿ ಅವಳಿಗೆ ಇರಲಿಲ್ಲ.

"ಸಾಹೇಬ್ರ, ಎಲ್ಲೋ ತಪ್ಯಾದ ನೋಡ್ರಿ," ಎಂದಳು ಶಂಕ್ರಮ್ಮ. "ನನ್ನ ಹೊಲದಾಗ ನಾಕು ಸಾಲು ಕಡಿಮಿ ಬೀಳ್ತಾವ. ನಾ ಬಿತ್ತೋವಾಗ ಕೂರಿಗಿ ಹಿಂದ ನಡದಾಕಿ, ನನಗ ಗೊತ್ತಿಲ್ಲೇನು? ನನ್ನ ಗಂಡ ನನ್ನ ಹೊಲದಾಗ ಮಲಗ್ಯಾನ್ರಿ. ಅವನ್ನ ಮಂದಿ ಹೊಲಕ್ಕ ಹಾಕ್ತೀರೇನು?"

"ನಿನ್ನ ನಾಕು ಸಾಲು ಹಳ್ಳ ತಿಂದದ ಯವ್ವಾ," ಎಂದರು ಸಾಹೇಬರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಮರುಕವೇ ಇತ್ತು. "ನಕ್ಷೆ ಪ್ರಕಾರ ಹನ್ನೆರಡು ಸರಪಳಿ. ನಾ ಏನು ಮಾಡಲಿ?"

"ಹಂಗಾದ್ರ ನಿಮ್ಮ ಸರಪಳಿನೇ ಸುಳ್ಳು ಹೇಳ್ತದ."

ಇಷ್ಟು ವರ್ಷದ ನೌಕರಿಯಲ್ಲಿ ಆ ಮಾತನ್ನು ಅವರಿಗೆ ಯಾರೂ ಅಂದಿರಲಿಲ್ಲ. ಅವರು ಪುಸ್ತಕ ಮಡಚಿ, ಬೂಟಿನ ಮಣ್ಣು ಕೊಡವಿ ನಡೆದರು. ದಿಬ್ಬ ಇದ್ದಲ್ಲೇ ಇರಲಿ, ತಾನು ಸುತ್ತು ಹಾಕಿ ನೇಗಿಲಿನ ಗಳೆ ಹೊಡೆಯುತ್ತೇನೆ ಎಂದು ಅಮಾತೆಪ್ಪ ಅವಳಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಅವನು ಕೆಟ್ಟವನಲ್ಲ.

ಊರ ಹೊರಗೆ, ಶಂಕ್ರಮ್ಮನ ಹೊಲಕ್ಕೆ ಕಾಣುವಷ್ಟು ದೂರದಲ್ಲಿ, ಒಂದು ಬಯಲಿದೆ. ಅದರ ತುಂಬ ಸೊಂಟದೆತ್ತರದ ಗುಂಡುಕಲ್ಲುಗಳು, ಅಡ್ಡಕ್ಕೂ ಉದ್ದಕ್ಕೂ ಸಾಲಾಗಿ. ಯಾರು ಇಟ್ಟರು, ಯಾವಾಗ ಇಟ್ಟರು, ಯಾಕೆ ಇಟ್ಟರು, ಒಂದೂ ಗೊತ್ತಿಲ್ಲ. ಸರ್ವೆ ನಕ್ಷೆಯಲ್ಲಿ ಅದಕ್ಕೆ "ಖರಾಬು" ಎಂದು ಬರೆದು ಕೈತೊಳೆದುಕೊಂಡಿದ್ದರು. ಊರಿನ ಹಿರಿಯರ ಪ್ರಕಾರ ಅವು ಶಾಪದಿಂದ ಕಲ್ಲಾದ ಗೌಳಿಗನ ದನಗಳು. ಅಲ್ಲಿಯ ನೇಕಾರನೊಬ್ಬ, ರಾಕ್ಷಸರು ನೂಲಿನ ಹಾಸು ಬಿಡಲು ನೆಟ್ಟ ಗೂಟಗಳು ಎನ್ನುತ್ತಿದ್ದ. ಕಾಲೇಜಿನ ಉಪನ್ಯಾಸಕರೊಬ್ಬರು ಬಂದು, ಇದು ಸೂರ್ಯನನ್ನು ನೋಡಿ ದಿನ ಎಣಿಸುವ ಪಂಚಾಂಗ ಎಂದು ಎರಡು ಗಂಟೆ ವಿವರಿಸಿ ಹೋದರು. ಪಟ್ಟಣದ ಹೋಮಿಯೋಪತಿ ಡಾಕ್ಟರು, ಬೇರೆ ಗ್ರಹದವರು ವಿಮಾನ ಇಳಿಸಲು ಮಾಡಿಕೊಂಡ ಗುರುತು ಎಂದು ಆಣೆ ಮಾಡಿ ಹೇಳುತ್ತಿದ್ದರು. ಇಳಿಯುವಾಗ ಕಲ್ಲು ತಾಗುವುದಿಲ್ಲವೇ ಎಂದು ಕೇಳಿದವರಿಗೆ ಸಿಹಿ ಗುಳಿಗೆ ಕೊಟ್ಟು ಕಳಿಸುತ್ತಿದ್ದರಂತೆ. ನಮ್ಮ ಲಾಲಸಾಬನಿಗೂ ಒಂದು ವಿಚಾರವಿತ್ತು.

"ಇವು ಆನಿ ಕಟ್ಟೋ ಗೂಟ ಸಾಹೇಬ್ರ. ಬಾದಶಾನ ದಂಡು ಇಲ್ಲಿ ಇಳದಿತ್ತು. ಒಂದೊಂದು ಕಲ್ಲಿಗೆ ಒಂದೊಂದು ಆನಿ."

ಸಾಹೇಬರು ಇಂಥದ್ದಕ್ಕೆಲ್ಲ ನಗುತ್ತಿದ್ದರು. ಅಂದು ನಗಲಿಲ್ಲ. ಬುತ್ತಿ ಬಿಚ್ಚಲು ಆ ಬಯಲಿನ ಬೇವಿನ ನೆರಳಿಗೆ ಹೋಗಿದ್ದೆವು. ಅವರು ರೊಟ್ಟಿ ಮುಟ್ಟದೆ ಕಲ್ಲುಗಳನ್ನೇ ನೋಡುತ್ತ ಕುಳಿತು, ಇದ್ದಕ್ಕಿದ್ದಂತೆ "ಲಾಲಸಾಬ, ಎಳಿ" ಎಂದರು.

ಒಂದು ಸಾಲಿನಲ್ಲಿ ಹದಿನೇಳು ಕಲ್ಲು. ನಡುವೆ ಹದಿನಾರು ಅಂತರ. ಮೊದಲ ಕಲ್ಲಿನ ನೆತ್ತಿಯಿಂದ ಕೊನೆಯದರ ನೆತ್ತಿಯವರೆಗೆ ನನ್ನನ್ನು ಎಳೆದರು. ಹತ್ತು ಸರಪಳಿ. ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಡಿಮೆಯಿಲ್ಲ. ಒಂದು ಅಂತರಕ್ಕೆ ಸರಿಯಾಗಿ ಹತ್ತು ಆಣೆ. ಪಕ್ಕದ ಸಾಲು ಎಳೆದರು. ಅದೂ ಹಾಗೆಯೇ.

ಸಾಹೇಬರು ಅಂಕಿಗಳನ್ನು ಪುಸ್ತಕದಲ್ಲಿ ಬರೆದುಕೊಂಡರು. "ನೋಡಿದ್ಯಾ? ಹದಿನಾರು ಅಂತರ, ನಮ್ಮ ಸರಪಳಿಗೂ ಹದಿನಾರು ಆಣೆ. ಇದು ಅಳತಿ ಮಾಡೋ ಮಂದಿ ಕಟ್ಟಿದ್ದು ಲಾಲಸಾಬ. ನಮ್ಮಂಥವರು! ತಮ್ಮ ಸರಪಳಿ ಸರಿ ಅದನೋ ಇಲ್ಲೋ ನೋಡಲಿಕ್ಕೆ ಇಟ್ಟ ಕಲ್ಲು ಇವು. ಸಾವಿರಾರು ವರ್ಷದ ಕಲ್ಲು ಹೇಳ್ತಾವ ನಮ್ಮ ಸರಪಳಿ ಸರಿ ಅದ ಅಂತ. ಇನ್ನ ಆ ಹೆಣ್ಮಗಳು ಸುಳ್ಳು ಅಂದ್ರ ಹ್ಯಾಂಗ ಕೇಳೋದು?"

ಗ್ರಹಚಾರ ನೋಡಿ. ನಾನು ಸರಿ ಇದ್ದಿದ್ದರೆ ಆ ಸಾಲು ಹತ್ತು ಸರಪಳಿಯ ಮೇಲೆ ಐದು ಅಡಿ ಬರುತ್ತಿತ್ತು. ಸಾಹೇಬರು ಎಲೆ ಅಡಿಕೆ ಹಾಕಿಕೊಂಡು ಮನೆಗೆ ಹೋಗುತ್ತಿದ್ದರು. ನನ್ನ ಸವೆತವೇ ಅವರಿಗೆ ಸಿದ್ಧಾಂತವಾಯಿತು.

ಮುಂದಿನ ಹನ್ನೊಂದು ವರ್ಷ ಅವರಿಗೆ ಬೇರೆ ಮಾತೇ ಇರಲಿಲ್ಲ. ಪತ್ರಿಕೆಗೆ ಬರೆದರು. ನಲವತ್ತು ಪುಟದ ಪುಸ್ತಕ ಅಚ್ಚು ಹಾಕಿಸಿದರು. ಈ ಮೂವತ್ಮೂರು ಅಡಿಯ ಸರಪಳಿ ಇಂಗ್ಲಿಷರು ತಂದದ್ದಲ್ಲವೇ ಎಂದು ಆ ಉಪನ್ಯಾಸಕರು ಕೇಳಿದರೆ, "ಅವ್ರು ತಂದದ್ದಲ್ರೀ, ಇಲ್ಲಿಂದ ಒಯ್ದದ್ದು" ಎಂದು ಬಾಯಿ ಮುಚ್ಚಿಸಿದರು. ಕಚೇರಿಗೆ ಟೇಪು ಬಂದು ನನ್ನಂಥವರನ್ನು ಗುಜರಿಗೆ ಹಾಕುವಾಗ, ಅವರು ಅರ್ಜಿ ಕೊಟ್ಟು ನನ್ನನ್ನು ಬಿಡಿಸಿಕೊಂಡರು. ನಿವೃತ್ತಿಯ ದಿನ ಒಂದು ಕೈಯಲ್ಲಿ ಹಾರ, ಇನ್ನೊಂದು ಕೈಯಲ್ಲಿ ನಾನು. ಅವರ ಹೆಂಡತಿ ಇಂದುಮತಿಯವರು ಒಂದು ದಿನ ನನ್ನನ್ನು ಹಿತ್ತಿಲಲ್ಲಿ ಕಟ್ಟಿ ಸೀರೆ ಒಣಹಾಕಿದ್ದಕ್ಕೆ ಮನೆಯಲ್ಲಿ ದೊಡ್ಡ ರಾದ್ಧಾಂತವಾಯಿತು.

"ಒದ್ದೀ ಸೀರಿ ಭಾರಕ್ಕ ಅದು ಉದ್ದ ಆಗ್ತದ, ತಿಳಿಯಂಗಿಲ್ಲೇನು ನಿನಗ?" ಎಂದು ಸಾಹೇಬರು ಕೂಗಾಡಿದರು.

"ಆಗ್ಲಿ ಬಿಡ್ರಿ, ಇನ್ನೊಂದು ಸೀರಿ ಹಿಡಸ್ತದ," ಎಂದು ಆಕೆ ಒಳಗೆ ಹೋದರು.

ಶಂಕ್ರಮ್ಮ ವರ್ಷಕ್ಕೊಮ್ಮೆಯಾದರೂ ಬಂದು, ಇನ್ನೊಂದು ಸಲ ಅಳೆಸಿ ಎಂದು ಕೇಳುತ್ತಿದ್ದಳು. ಒಂದು ವರ್ಷ ಅವಳು ಬಂದು ನಿಂತ ರೀತಿಯೇ ಬೇರೆ ಇತ್ತು. ಪಾದದ ಮೇಲೆ ಎರೆಮಣ್ಣು ಹಸಿಯಾಗಿಯೇ ಇತ್ತು. ಅಮಾತೆಪ್ಪ ಹೊರಗಿನಿಂದ ಟ್ರ್ಯಾಕ್ಟರ್ ತರಿಸಿದ್ದ. ಡ್ರೈವರನಿಗೆ ವಿಷಯ ಗೊತ್ತಿರಲಿಲ್ಲ. ದಿಬ್ಬವೂ ಹೋಯಿತು, ನಾಲ್ಕು ಕಲ್ಲೂ ಹೋದವು, ಇಡೀ ಹೊಲ ಒಂದೇ ಸಮ.

"ಅವನ ಮ್ಯಾಲ ಹಾಯ್ದು ಹೋಗ್ಯಾದ್ರಿ ಸಾಹೇಬ್ರ," ಎಂದಳು. ಅಳಲಿಲ್ಲ. "ನೀವು ಒಂದು ಸಲ ತಪ್ಪಾತು ಅಂದ್ರ ಸಾಕು. ನನ್ನ ಮಣ್ಣು ನನಗ ಬರ್ತದ."

ಸಾಹೇಬರು ಒಳಗೆ ಹೋಗಿ ತಮ್ಮ ಪುಸ್ತಕ ತಂದರು. ಹದಿನೇಳು ಕಲ್ಲುಗಳ ಚಿತ್ರವಿದ್ದ ಪುಟ ಬಿಚ್ಚಿ, ಓದಲು ಬಾರದ ಆ ಹೆಂಗಸಿನ ಕೈಗೆ ಕೊಟ್ಟು, ಹತ್ತು ಸರಪಳಿಯ ಲೆಕ್ಕ ವಿವರಿಸಿದರು. ಆಕೆ ಪುಸ್ತಕವನ್ನು ಹಿಡಿದುಕೊಂಡು ಕೊನೆಯವರೆಗೂ ಕೇಳಿದಳು. ಆಮೇಲೆ ಅದನ್ನು ಹೊಸ್ತಿಲ ಮೇಲಿಟ್ಟು ಹೊರಟುಹೋದಳು. ನನ್ನ ಇಡೀ ಆಯುಷ್ಯದಲ್ಲಿ ನನಗೆ ಅಷ್ಟು ನಾಚಿಕೆಯಾದದ್ದು ಬೇರೆ ಇಲ್ಲ.

ಪುಸ್ತಕದ ಎರಡನೆಯ ಮುದ್ರಣಕ್ಕೆ ಪಟ್ಟಣದ ಒಂದು ಸಂಘದವರು ಮುಂದೆ ಬಂದರು. ಬಿಡುಗಡೆ, ಸನ್ಮಾನ, ಶಾಲು, ಎಲ್ಲ ಗೊತ್ತಾಯಿತು. ಈಗಿನವರಿಗೆ ಆಣೆ ತಿಳಿಯುವುದಿಲ್ಲ, ಮೀಟರಿನಲ್ಲೂ ಕೊಡಿ ಎಂದು ಅವರು ಕೇಳಿದರು. ಸನ್ಮಾನಕ್ಕೆ ಮೂರು ದಿನ ಇರುವಾಗ ಸಾಹೇಬರು ಲಾಲಸಾಬನನ್ನು ಕರೆದುಕೊಂಡು, ನನ್ನನ್ನೂ ಒಂದು ಹೊಸ ಟೇಪನ್ನೂ ಹಿಡಿದು ಕರಿಗುಂಡಗಿಗೆ ಬಂದರು. ಲಾಲಸಾಬನ ಗಡ್ಡವೂ ಆಗ ಬೆಳ್ಳಗಾಗಿತ್ತು.

ಸಾಲು ನೂರು ಮೀಟರಿನ ಮೇಲೆ ಅರ್ಧ ಮೀಟರಿಗೆ ಮುಗಿಯಬೇಕಿತ್ತು. ನೂರಾ ಎರಡು ದಾಟಿತು. ಸಾಹೇಬರು ಟೇಪನ್ನು ಬೈದರು. ಮತ್ತೆ ಎಳೆಸಿದರು. ಪಕ್ಕದ ಸಾಲು ಎಳೆಸಿದರು. ಕೊನೆಗೆ ಟೇಪನ್ನು ನೆಲದ ಮೇಲೆ ಚಾಚಿ, ಅದರ ಮಗ್ಗುಲಿಗೆ ನನ್ನನ್ನು ಮಲಗಿಸಿ, ತಾವೂ ಮೊಣಕಾಲೂರಿ ಕುಳಿತರು.

ಮೂವತ್ಮೂರು ಅಡಿಯ ಗುರುತು ದಾಟಿ ನನ್ನ ಹಿಡಿಕೆ ಅರ್ಧ ಅಡಿ ಮುಂದಿತ್ತು. ಹನ್ನೊಂದು ವರ್ಷ ಮುಚ್ಚಿಟ್ಟುಕೊಂಡದ್ದು ಹಗಲು ಬೆಳಕಿನಲ್ಲಿ ಹೊರಗೆ ಬಿತ್ತು. ನನಗೆ ಹಗುರವಾಯಿತು ಎಂದರೆ ನೀವು ನನ್ನನ್ನು ಕಟುಕ ಎಂದುಕೊಂಡೀರಿ. ಆದರೂ ಹಗುರವಾದದ್ದು ನಿಜ.

"ಸರಪಳಿ ಬೆಳದದ್ರಿ ಸಾಹೇಬ್ರ," ಎಂದ ಲಾಲಸಾಬ, ಮೆಲ್ಲಗೆ.

ಸಾಹೇಬರು ನನ್ನ ಹಿಡಿಕೆಯ ಮೇಲೆ ಬೆರಳಿಟ್ಟರು. ಅವರ ತುಟಿ ಅಲ್ಲಾಡುತ್ತಿತ್ತು. ಸಿದ್ಧಾಂತದ ಚಿಂತೆ ಇರಬೇಕು ಎಂದು ನಾನು ತಿಳಿದಿದ್ದೆ. ಆಮೇಲೆ ಮಾತು ಕೇಳಿಸಿತು: "ಹನ್ನೆರಡು ಸರಪಳಿಗೆ ಆರು ಅಡಿ. ಆರು ಅಡಿಗೆ ನಾಕು ಸಾಲು." ಶಂಕ್ರಮ್ಮ ಮೊದಲ ದಿನವೇ ಹೇಳಿದ ಲೆಕ್ಕ ಅದು.

"ನಾ ಯಾರ ಮುಂದೂ ಬಾಯಿ ಬಿಡಂಗಿಲ್ರಿ," ಎಂದ ಲಾಲಸಾಬ. "ಎಳದಾಂವ ನಾನೂ ಹೌದು. ಆದ್ರ ಆ ಹೆಣ್ಮಗಳು..."

ಎರಡು ದಿನ ಸಾಹೇಬರು ಮನೆಯಲ್ಲಿ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಉಂಗುರ ತಿರುಗಿಸಿ ನೋಡುತ್ತ ಕುಳಿತರು. ಮೂರನೆಯ ದಿನ ಬೆಳಿಗ್ಗೆ ಇಂದುಮತಿಯವರು ಸನ್ಮಾನಕ್ಕೆಂದು ಇಸ್ತ್ರಿ ಮಾಡಿಟ್ಟ ಅಂಗಿಯನ್ನು ಸಾಹೇಬರು ತೊಟ್ಟು, ನನ್ನನ್ನು ಚೀಲಕ್ಕೆ ಹಾಕಿಕೊಂಡು, ಸಭೆಗೆ ಹೋಗದೆ ನೇರ ತಮ್ಮ ಹಳೆಯ ಕಚೇರಿಗೆ ಹೋದರು. ಗುಮಾಸ್ತನ ಮೇಜಿನ ಮೇಲೆ ನನ್ನನ್ನೂ ಒಂದು ಹಾಳೆಯನ್ನೂ ಇಟ್ಟರು. ಸರಪಳಿ ಪರೀಕ್ಷಿಸದೆಯೇ ಪರೀಕ್ಷಿಸಿದೆ ಎಂದು ಸಹಿ ಹಾಕಿದ್ದೇನೆ, ಆ ಅವಧಿಯ ನನ್ನ ಅಳತೆಗಳು ತಪ್ಪಾಗಿವೆ, ಮೊದಲು ಕರಿಗುಂಡಗಿಯದನ್ನು ಮರು ಅಳತೆ ಮಾಡಬೇಕು ಎಂದು ಅದರಲ್ಲಿ ಬರೆದಿತ್ತು.

ಗುಮಾಸ್ತ ಓದಿ ಗಾಬರಿಯಾದ. "ಏನ್ರೀ ಸರ ಇದು? ರಿಟೈರ್ ಆಗಿ ಆರಾಮ ಇದ್ದೀರಿ. ಇದನ್ನ ತಗೊಂಡ್ರ ಎಷ್ಟು ಊರಿನ ಹದ್ದು ಮತ್ತ ತೆಗೀಬೇಕಾಗ್ತದ ಗೊತ್ತದೇನು? ಮಂದಿ ನಿಮ್ಮನ್ನ ಬಜಾರದಾಗ ಅಡ್ಡಾಡಲಿಕ್ಕೆ ಬಿಡಂಗಿಲ್ಲ."

"ಗೊತ್ತದ. ಸಿಕ್ಕಾ ಹೊಡಿ," ಎಂದರು ಸಾಹೇಬರು.

ಬಜಾರಿನ ಮಾತು ಸುಳ್ಳಾಗಲಿಲ್ಲ. ಎರಡನೆಯ ಮುದ್ರಣ ನಿಂತಿತು. ಹೋಮಿಯೋಪತಿ ಡಾಕ್ಟರು ತಮ್ಮ ವಿಮಾನದ ವಿಚಾರವೇ ಗೆದ್ದಿತೆಂದು ಪತ್ರಿಕೆಗೆ ಬರೆದರು. ಆರು ತಿಂಗಳ ಮೇಲೆ ಹೊಸ ಸರ್ವೆಯರ್ ಕರಿಗುಂಡಗಿಗೆ ಬಂದ. ಪಂಚರ ಮುಂದೆ ನನ್ನನ್ನು ಟೇಪಿನ ಮಗ್ಗುಲಿಗೆ ಮಲಗಿಸಿ, ಅರ್ಧ ಅಡಿ ಹೆಚ್ಚೆಂದು ಬರೆದುಕೊಂಡು ಎಲ್ಲರ ಸಹಿ ಹಾಕಿಸಿಕೊಂಡ. ಆಮೇಲೆ ಟೇಪಿನಿಂದ ಅಳೆದ. ಬಾಂದು ಕಲ್ಲನ್ನು ಕಿತ್ತು ಆರು ಅಡಿ ಹಿಂದಕ್ಕೆ ನೆಟ್ಟರು. ಅಮಾತೆಪ್ಪ ತಾನೇ ಹಾರೆ ಹಿಡಿದ.

ಗುರುಶಾಂತಪ್ಪನವರು ಬದುವಿನ ಮೇಲೆ ನಿಂತಿದ್ದರು. ಈಗ ಅವರ ಕಾಲಲ್ಲಿ ಬೂಟಿರಲಿಲ್ಲ, ಚಪ್ಪಲಿ. ಶಂಕ್ರಮ್ಮ ತನಗೆ ಮರಳಿದ ಆ ಪಟ್ಟಿಯೊಳಗೆ ಕಾಲಿಟ್ಟಳು. ಈ ತುದಿಯಿಂದ ಆ ತುದಿಗೆ ನಡೆದಳು. ತಿರುಗಿ ಬಂದಳು. ಮತ್ತೆ ಹೋದಳು. ಒಂದು ಕಡೆ ನಿಂತಳು, ತಲೆ ಅಲ್ಲಾಡಿಸಿ ನಾಲ್ಕು ಹೆಜ್ಜೆ ಸರಿದಳು.

"ಮಣ್ಣು ಬಂತ್ರಿ," ಎಂದಳು. "ಅವ ಎಲ್ಲಿದ್ದಾನ? ಇಲ್ಲೇ ಇತ್ತೋ, ಅಲ್ಲಿತ್ತೋ, ತಿಳೀವಲ್ದು. ನೀವು ಅಳತಿ ಮಾಡೋರು. ನೀವಾರ ಹೇಳ್ರಿ ಸಾಹೇಬ್ರ."

ಹೊಸ ಸರ್ವೆಯರ್ ನಕ್ಷೆ ನೋಡಿದ. ನಕ್ಷೆಯಲ್ಲಿ ಅದು ಇರಲಿಲ್ಲ. ಲಾಲಸಾಬ ನೆಲ ನೋಡಿದ. ಗುರುಶಾಂತಪ್ಪನವರು ಚಪ್ಪಲಿ ಬಿಚ್ಚಿಟ್ಟು ಹೊಲಕ್ಕಿಳಿದು ಅವಳ ಮುಂದೆ ನಿಂತರು. "ತಪ್ಪಾತು ಯವ್ವಾ," ಎಂದರು. ಅವರ ಕಣ್ಣಲ್ಲಿ ನೀರಿತ್ತು. "ನನಗ ಗೊತ್ತಿಲ್ಲ."

ಶಂಕ್ರಮ್ಮ ಅವರ ಮುಖ ನೋಡಲಿಲ್ಲ. ದೂರದ ಬಯಲಿನಲ್ಲಿ ಸಾಲಾಗಿ ನಿಂತ ಗುಂಡುಕಲ್ಲುಗಳನ್ನು ನೋಡುತ್ತಿದ್ದಳು. ದಿನವೂ ಅವುಗಳನ್ನು ನೋಡುತ್ತಲೇ ಮುದುಕಿಯಾದವಳು ಅವಳು. ಅವು ಏನಿರಬಹುದು ಎಂದು ಅವಳನ್ನು ಯಾರೂ ಕೇಳಿದ್ದು ನನಗೆ ನೆನಪಿಲ್ಲ.

"ಆಗಿನ ಮಂದಿ ಶಾಣ್ಯಾರಿದ್ರು," ಎಂದಳು. "ತಮ್ಮವರ ಮ್ಯಾಲ ಗಳೆ ಹಾಯಬಾರದಂತ ಅಷ್ಟು ದೊಡ್ಡ ಕಲ್ಲು ಇಟ್ಟಾರ."

ಎಲ್ಲರೊಂದಿಗೂ ಹನ್ನೊಂದು ವರ್ಷ ವಾದ ಮಾಡಿದ ಗುರುಶಾಂತಪ್ಪನವರು ಈ ಮಾತಿಗೆ ತಲೆದೂಗಿದರು.

ಅಂದೇ ನನ್ನನ್ನು ಬಟ್ಟೆಯ ಚೀಲದಲ್ಲಿ ಹಾಕಿ, ಅರಗಿನ ಮುದ್ರೆ ಒತ್ತಿ, ಕಡತದ ಜೊತೆ ರೆಕಾರ್ಡ್ ರೂಮಿಗೆ ಕಳಿಸಿದರು. ಈಗ ಅಲ್ಲಿಯೇ ಇದ್ದೇನೆ. ಆ ಕಲ್ಲುಗಳ ಅರ್ಥವೇನು ಎಂದು ನನ್ನನ್ನು ಕೇಳಬೇಡಿ. ಒಂದರಿಂದ ಒಂದಕ್ಕೆ ಎಷ್ಟು ದೂರ ಎಂಬುದಷ್ಟೇ ನಾನು ಹೇಳಿದ್ದು, ಅದನ್ನೂ ತಪ್ಪು ಹೇಳಿದೆ. ಮೊನ್ನೆ ಲಾಲಸಾಬ ಯಾವುದೋ ಕೆಲಸಕ್ಕೆ ಕಚೇರಿಗೆ ಬಂದವನು ಗುಮಾಸ್ತನ ಹತ್ತಿರ ಮಾತಾಡುತ್ತಿದ್ದ. ಗುರುಶಾಂತಪ್ಪನವರು ಎರಡು ಜೋಡಿ ಎತ್ತು ಹೂಡಿಸಿ, ಹಳ್ಳದಲ್ಲಿ ಬಿದ್ದಿದ್ದ ಸೊಂಟದೆತ್ತರದ ಒಂದು ಗುಂಡುಕಲ್ಲನ್ನು ಶಂಕ್ರಮ್ಮನ ಹೊಲಕ್ಕೆ ಎಳೆಸಿದರಂತೆ. ಎಲ್ಲಿ ಇಡಬೇಕು ಎಂದು ಅವಳನ್ನು ಕೇಳಿದರಂತೆ. ಅವಳು ಬಹಳ ಹೊತ್ತು ಅತ್ತಿತ್ತ ನಡೆದು, ಕೊನೆಗೆ ಕಾಲು ನಿಂತಲ್ಲಿ ಇಡಿಸಿದಳಂತೆ. ಅದು ಸರಿಯಾದ ಜಾಗವೋ ಅಲ್ಲವೋ, ಅಳೆದು ಹೇಳಬಲ್ಲವರು ಯಾರೂ ಇಲ್ಲ.